ಭಾವ ತೀರಿಕೊಂಡ ದಿನದ ಲಂಡನ್

ಭಾವನ ದೇಹವನ್ನು ನಿನಗಾಗಿ ಇಟ್ಟುಕೊಂಡು ಕಾಯಬೇಡಿ ಎಂದು ಹೇಳಿದವಳು ನಾನು, ಅಕ್ಕ. ನಿನ್ನ ಮೈದುನ ನಾಗರಾಜ ಅಲ್ಲ. ಅವನು ಕಾಯುತ್ತೇನೆಂದು ಹೇಳಲಿಕ್ಕೇ ಫೋನ್ ಮಾಡಿದ್ದ. ಇಷ್ಟು ವರ್ಷ ನೀನು ಅವನ ಮೇಲೆ ಇಟ್ಟುಕೊಂಡು ಬಂದ ಸಿಟ್ಟು ನನಗೆ ಸೇರಬೇಕಾದದ್ದು.

ಎದುರು ಕೂತು ಹೇಳಬೇಕಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ — ಬೇಡದ ಕಡೆಯೆಲ್ಲ ಮುಂದೆ, ಬೇಕಾದಾಗ ಬೀಗ.

ಅವತ್ತು ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ಕೊಲಿಂಡೇಲ್‌ನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ನಾನು ಮೊಸರನ್ನ ಕಲಸುತ್ತಿದ್ದೆ. ಯಾವ ಟ್ಯೂಬ್ ರೈಲು ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಬೆಂಚಿನ ಮೇಲೆ ಡಬ್ಬಿ ಬಿಚ್ಚಬೇಕು — ಎಲ್ಲ ನನ್ನ ತಲೆಯಲ್ಲಿ ತಯಾರಿತ್ತು. ನಿನ್ನ ಫೋನಿಗೆ ಇಲ್ಲಿಯ ಸಿಮ್ ಹಾಕಿಸಿರಲಿಲ್ಲ, ಹಾಗಾಗಿ ನಾಗರಾಜ ನನಗೆ ಮಾಡಿದ. ನಾವಿಬ್ಬರೂ ಒಂದೇ ವಯಸ್ಸಿನವರು, ನಿನ್ನ ಮದುವೆಯ ದಿನದಿಂದ ಹೋಗೋ ಬಾರೇ ಎನ್ನುವ ಸಲುಗೆ.

"ಅಣ್ಣ ಹೋಗ್ಬಿಟ್ಟ ಕಣೆ. ವಾಕಿಂಗಿಂದ ಬಂದು ಕುರ್ಚಿ ಮೇಲೆ ಕೂತ, ಅಷ್ಟೇ. ಅತ್ತಿಗೇನ ಇವತ್ತೇ ಹೊರಡಿಸು. ಐಸ್ ಬಾಕ್ಸ್ ತರಿಸಿದೀನಿ. ನಾಳೆ ಸಂಜೆವರೆಗೂ ಇಟ್ಕೊಂಡಿರ್ತೀವಿ."

ಆಮೇಲೆ ಮಾಡುತ್ತೇನೆಂದು ಫೋನ್ ಇಟ್ಟೆ. ಟಿಕೆಟ್ ನೋಡಿದೆ. ಸಂಜೆಯ ಬೆಂಗಳೂರು ವಿಮಾನದಲ್ಲಿ ಸೀಟಿತ್ತು. ಇತ್ತು ಅಕ್ಕ, ಕಣ್ಣಾರೆ ನೋಡಿದೆ. ನೋಡಿ, ಅವನಿಗೆ ತಿರುಗಿ ಫೋನ್ ಮಾಡಿ ಹೇಳಿದೆ — "ಟಿಕೆಟ್ ಸಿಗ್ತಿಲ್ಲ ಕಣೋ. ಕಾಯ್ಬೇಡಿ. ಮುಗಿಸಿಬಿಡಿ. ಅಕ್ಕನಿಗೆ ನಾನೇ ಹೇಳ್ತೀನಿ."

ಯಾಕೆ? ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಇವಳ ಬದುಕಿನಲ್ಲಿ ಬಣ್ಣವಿರುವುದಿಲ್ಲ, ಒಂದು ದಿನವಾದರೂ ನಕ್ಕುಕೊಂಡಿರಲಿ — ಹೀಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮೊದಲು ಮನಸ್ಸಿಗೆ ಬಂದದ್ದು ಅದಲ್ಲ. ಸಾಯುವುದಕ್ಕೂ ಇವತ್ತೇ ಬೇಕಿತ್ತೇ ಈ ಮನುಷ್ಯನಿಗೆ ಎನ್ನಿಸಿತು. ನಾನು ಕರೆದಾಗಲೆಲ್ಲ "ಲಂಡನ್ ಎಲ್ಲಿಗೆ ಓಡಿಹೋಗತ್ತೆ?" ಎಂದು ನಿನ್ನನ್ನು ತಡೆದವರು ಅವರೇ ತಾನೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡೆ. ಮತ್ತೆ ಇನ್ನೊಂದು — ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ, ಉಣ್ಣಿಸಿ ಬೆಳೆಸಿದವಳು ನೀನು. ಒಂದು ದಿನ ನಾನು ದೊಡ್ಡವಳಾಗಬೇಕಿತ್ತು. ನಿನ್ನ ಕೈಹಿಡಿದು ನನ್ನ ಊರು ತೋರಿಸಬೇಕಿತ್ತು. ಆ ಆಸೆಯ ಮುಂದೆ ಭಾವನ ಸಾವು ನನಗೆ ಅಡ್ಡಿಯಾಗಿ ಕಂಡಿತು.

ನೀನು ಸೀರೆ ಉಟ್ಟು, ಮೇಲೆ ಸ್ವೆಟರ್, ಕಾಲಿಗೆ ನನ್ನ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದೆ. ಹಿಂದಿನ ದಿನ ಸೌತ್‌ಹಾಲ್‌ನಲ್ಲಿ ಕೊಂಡ ಮಲ್ಲಿಗೆಯನ್ನು ಫ್ರಿಜ್ಜಿನಿಂದ ತೆಗೆದು, "ಸ್ವಲ್ಪ ಬಾಡಿದೆ, ಪರವಾಗಿಲ್ವೇನೆ?" ಎಂದು ಕೇಳಿದೆ. ನಾನೇ ಪಿನ್ನು ಹಾಕಿ ಮುಡಿಸಿದೆ. ಅದಾದ ಮೇಲೆ ನೀನು ಹೂ ಮುಡಿದಿಲ್ಲ.

ಅರಮನೆಯ ಮುಂದೆ ನಿಂತು ನೀನು, "ನಮ್ಮ ಮೈಸೂರು ಅರಮನೆ ಮುಂದೆ ಇದು ಯಾವುದೋ ಆಫೀಸ್ ಇದ್ದಂಗಿದೆ ಬಿಡು" ಎಂದು ನಗಾಡಿದೆ. ನಾನು ನಿನ್ನನ್ನು ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆದೆ. ದಾರಿಬದಿಯ ಅಂಗಡಿಯಲ್ಲಿ ನೀನು ಉಣ್ಣೆಯ ಟೋಪಿ ಹಿಡಿದು ಕೇಳಿದೆ — "ಅವರ ತಲೆ ದೊಡ್ಡದು, ಆಗತ್ತಾ ಇದು?"

"ಆಗತ್ತೆ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಮಧ್ಯಾಹ್ನ ಥೇಮ್ಸ್ ನದಿಯ ದೋಣಿಯಲ್ಲಿ ನಾನು ನಿನಗೆ ಒಂದೊಂದು ಸೇತುವೆಯ ಹೆಸರು ಹೇಳುತ್ತಿದ್ದೆ. ಅಷ್ಟು ಹೊತ್ತಿಗೆ ಅಲ್ಲಿ ನಾಗರಾಜ ಚಿತೆಗೆ ಬೆಂಕಿ ಇಟ್ಟಿದ್ದ. ಗೊತ್ತಿದ್ದೇ ಹೇಳುತ್ತಿದ್ದೆ.

ಮನೆಗೆ ಬಂದ ಮೇಲೆ ರೂಮಿನೊಳಗೆ ಹೋಗಿ, ಹೊರಗೆ ಬಂದು, ಈಗ ಫೋನ್ ಬಂತು ಎಂದೆ. ನಿನ್ನನ್ನು ತಬ್ಬಿಕೊಂಡು ಅತ್ತೆ. ಅಳು ನಿಜವೇ ಆಗಿತ್ತು, "ಈಗ" ಎಂಬುದು ಮಾತ್ರ ಸುಳ್ಳು.

ಮರುದಿನ ಇಬ್ಬರೂ ಹೊರಟು ಮೈಸೂರು ಸೇರಿದಾಗ ನಿನಗೆ ನೋಡಲು ಉಳಿದದ್ದು ಬೂದಿ. ಜಗಲಿಯ ಮೇಲೆಯೇ ನಿಂತು ನೀನು ನಾಗರಾಜನನ್ನು ಕೇಳಿದೆ, "ನನಗೋಸ್ಕರ ಒಂದು ದಿನ ಕಾಯಕ್ಕಾಗ್ಲಿಲ್ವೇನೋ?" ಅವನು ನನ್ನನ್ನು ನೋಡಿದ. ನಾನು ಹೇಳಲೆಂದು ಕಾದ. ನಾನು ಕೈಯಲ್ಲಿದ್ದ ನಿನ್ನ ಬ್ಯಾಗಿನ ಜಿಪ್ಪು ನೋಡುತ್ತಿದ್ದೆ. ಕೊನೆಗೆ ಅವನೇ ತಲೆ ತಗ್ಗಿಸಿದ. "ತಪ್ಪಾಯ್ತು ಅತ್ತಿಗೆ."

ಅತ್ತಿಗೆಗೆ ಗಂಡನಿಲ್ಲ, ಮಕ್ಕಳಿಲ್ಲ, ತಂಗಿಯೊಬ್ಬಳಾದರೂ ಉಳಿಯಲಿ ಎಂದುಕೊಂಡನೋ ಏನೋ. ನಾನು ಯಾವತ್ತೂ ಕೇಳಲಿಲ್ಲ. ಅವತ್ತಿನಿಂದ ನೀನು ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ. ಹಬ್ಬಕ್ಕೆ ಅವನೇ ಕರೆಯಲು ಬಂದಾಗಲೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ ಎಂದು ನೀನೇ ನನಗೆ ಹೇಳಿದ್ದೆ. ನಾನು ಹೂಂ ಎಂದಿದ್ದೆ.

ಹೋದ ತಿಂಗಳು ನಾಗರಾಜ ತೀರಿಕೊಂಡ. ಎರಡು ಬೀದಿ ಆಚೆಗೆ ಅವನ ಮನೆ. ವಿಡಿಯೋ ಕಾಲ್‌ನಲ್ಲಿ ನೀನು ಹೇಳಿದೆ, "ನನಗೆ ಅವರ ಮುಖ ತೋರಿಸ್ದೇ ಸುಟ್ಟವನು. ಅವನ ಮುಖ ನಾನ್ಯಾಕೆ ನೋಡ್ಲಿ?"

"ನಿನ್ನಿಷ್ಟ ಅಕ್ಕ" ಎಂದೆ.

ಮೊದಲನೆಯದಕ್ಕೆ ಗಾಬರಿ ಎನ್ನಬಹುದು, ಆಸೆ ಎನ್ನಬಹುದು. ಇದಕ್ಕೆ ಏನೆನ್ನಲಿ? ಅವನ ದೇಹ ಇನ್ನೂ ಮನೆಯಲ್ಲಿತ್ತು. ಒಂದು ಮಾತು ಹೇಳಿದ್ದರೆ ನೀನು ಫೋನ್ ಇಟ್ಟು ಓಡಿಹೋಗುತ್ತಿದ್ದೆ. ನಿನ್ನ ಮುಂದೆ ನನ್ನ ಮುಖ ಉಳಿಯಲಿ ಎಂದು ಆ ಮಾತನ್ನೂ ನುಂಗಿದೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ನಾಗರಾಜನ ಹೆಂಡತಿ, ನಿನ್ನ ವಾರಗಿತ್ತಿ, ಆ ಮನೆಯಲ್ಲಿದ್ದಾಳೆ. ಎಷ್ಟು ಗೊತ್ತೋ ಅವಳಿಗೆ — ನೀನು ಬರಲಿಲ್ಲ ಎಂಬುದಂತೂ ಗೊತ್ತು. ಇದನ್ನು ಓದಿ ಮುಗಿಸಿದವಳೇ ಅಲ್ಲಿಗೆ ಹೋಗು, ಅಕ್ಕ. ನನ್ನ ಹೆಸರು ಹೇಳು. ನನಗೆ ಫೋನ್ ಮಾಡಬೇಕೆನಿಸಿದರೂ ಮೊದಲು ಅಲ್ಲಿಗೆ ಹೋಗು.