ಹೆಸರು ಹೇಳಿ ಒಳಗೆ ಬನ್ನಿ

ಮೊಮ್ಮಕ್ಕಳೇ, ನಿಮ್ಮ ದೊಡ್ಡಕ್ಕ ನೆರೂಳಿನ ಕಾಲೇಜಿನಲ್ಲಿ ಸ್ಪೀಚ್ ಥೆರಪಿ ಮತ್ತು ಆಡಿಯಾಲಜಿ ಓದಲು ಸೇರಿದಾಗ ಅದೇನು ಓದೆಂದು ನನಗೆ ತಿಳಿದಿರಲಿಲ್ಲ. ಮಾತು ಹೋದವರಿಗೆ ಮಾತು ಕಲಿಸುವುದು, ಕಿವಿ ಕೇಳದವರಿಗೆ ಮಷೀನು ಹಾಕುವುದು ಎಂದು ಅವಳೇ ಹೇಳಿದಳು. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಅವಳು ಪಾಠಕ್ಕೆಂದು ತಂದ ಪ್ಲಾಸ್ಟಿಕ್ ಗಂಟಲೊಂದು ಎಷ್ಟೋ ತಿಂಗಳು ಉಪ್ಪಿನ ಡಬ್ಬಿಯ ಪಕ್ಕದಲ್ಲಿತ್ತು. ಡಬ್ಬಿಗಳ ಜೊತೆ ಅದನ್ನೂ ಒರೆಸಿಡುತ್ತಿದ್ದೆ.

ಕೊನೆಯ ವರ್ಷ ಕಾಲೇಜಿನ ಆಸ್ಪತ್ರೆಯಲ್ಲಿ ಅವಳಿಗೆ ಒಬ್ಬ ಹೆಂಗಸನ್ನು ವಹಿಸಿದರು. ನಮ್ಮ ಧಾರವಾಡದ ಕಡೆಯವರೇ. ಲಕ್ವಾ ಹೊಡೆದು ಮಾತು ಹೋಗಿತ್ತು. ಅವರಿಗೆ ಕನ್ನಡವೊಂದೇ ಗೊತ್ತು. ನಿಮ್ಮಕ್ಕನಿಗೋ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ.

“ಆಜಿ, ತೂ ಚಲ್ ನಾ, ನೀನೂ ಬಾ. ನನ್ನ ಕನ್ನಡ ಕೇಳಿ ಪೇಶಂಟ್ ಇನ್ನೂ ಗಪ್ ಆಗತಾರ” ಎಂದಳು.

ಹಳ್ಳಿಯ ಶಾಲೆಯಲ್ಲಿ ಉತ್ತರ ಗೊತ್ತಿದ್ದಾಗಲೂ ಕೈ ಎತ್ತಿದವಳಲ್ಲ ನಾನು. ಆದರೂ ಹೋದೆ.

ಆ ಹೆಂಗಸಿನ ಯಜಮಾನರು ಅಂಬರನಾಥದ ಫ್ಯಾಕ್ಟರಿಯಿಂದ ರಿಟೈರ್ ಆದವರು. ಹೆಂಡತಿಯ ಕೈ ಹಿಡಿದೇ ಕುಳಿತಿದ್ದರು. ನಿಮ್ಮಕ್ಕ ಬಾಚಣಿಗೆ, ಲೋಟ, ಆಕಳಿನ ಚಿತ್ರ ತೋರಿಸಿದಳು. ನಾನು ಕನ್ನಡದಲ್ಲಿ ಕೇಳಿದೆ. ಅವರು “ಹೂಂ” ಎಂದರು, ಅಷ್ಟೇ. ಆಮೇಲಿನ ಪ್ರಶ್ನೆ, ಯಜಮಾನರ ಹೆಸರೇನು ಎಂದು. ಅವರು ತಲೆ ತಗ್ಗಿಸಿಬಿಟ್ಟರು.

ಹೊರಗೆ ಬಂದ ಮೇಲೆ ಯಜಮಾನರು ನನಗೆ ಹೇಳಿದರು: “ಆಕಿ ಎಂದೂ ನನ್ನ ಹೆಸರ ತಗೊಂಡಾಕಿ ಅಲ್ರಿ. ‘ಏನ್ರೀ’ ಅನ್ನಾಕಿ. ಈಗ ಅದೂ ಇಲ್ಲ. ನಾಚಿ ಸುಮ್ಮನದಾಳೋ, ನನ್ನ ಮರತಾಳೋ, ತಿಳೀವಲ್ತು.”

ಅವರ ಆ ಮಾತು ಮನೆಗೆ ಬಂದರೂ ನನ್ನನ್ನು ಬಿಡಲಿಲ್ಲ. ಚಪಾತಿ ಲಟ್ಟಿಸುತ್ತಾ ನಿಮ್ಮಕ್ಕನಿಗೆ ಹೇಳಿದೆ: “ಗಂಡನ ಹೆಸರನ್ನ ನಾವು ಹಂಗ ಸುಮ್ಮನ ಕೇಳಿದ್ರ ಹೇಳೂದಿಲ್ಲವ್ವಾ.”

“ಮತ್ತ ಯಾವಾಗ ಹೇಳತೀರಿ?”

“ಮದುವಿ ಆಗಿ ಮನಿಗೆ ಬಂದಾಗ. ಹೆಣ್ಣಮಕ್ಕಳು ಬಾಗಲಿಗೆ ಅಡ್ಡ ನಿಂದರತಾರ. ಒಡಪಿನೊಳಗ, ಪ್ರಾಸದ ಪದದೊಳಗ, ಹೆಸರ ಕೂಡಿಸಿ ಹೇಳಿದ್ರನ ಒಳಗ ಬಿಡೂದು.”

“ಅರೇ, ಉಖಾಣಾ!” ಎಂದಳು. ಒಡಪಿಗೆ ಮರಾಠಿಯಲ್ಲಿ ಹಾಗನ್ನುತ್ತಾರೆ, ಗೆಳತಿಯರ ಮದುವೆಗಳಲ್ಲಿ ಕೇಳಿದ್ದಳಲ್ಲ. ಮಾತು ಹೋದವರಿಗೂ ಬಾಯಿಪಾಠದ ಹಾಡು ಕೆಲವು ಸಲ ತಾನಾಗಿ ಬರುತ್ತದೆ ಎಂದು ಅವಳ ಮೇಡಂ ಕಲಿಸಿದ್ದರಂತೆ. “ಟ್ರೈ ಮಾಡೋಣ ಆಜಿ. ನೀನೇ ಅಡ್ಡ ನಿಲ್ಲು.”

ನಾನು ಒಪ್ಪಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ಇಂಥ ಶಾಸ್ತ್ರಗಳಲ್ಲಿ ಹಿಂದೆ ಹಿಂದೆಯೇ ಉಳಿಯುವುದು ನನಗೆ ರೂಢಿಯಾಗಿತ್ತು. ಅದನ್ನು ಅವಳಿಗೆ ಬಿಡಿಸಿ ಹೇಳಲೂ ಆಗಲಿಲ್ಲ. ಆದರೆ ಒಡಪು ಹೇಳಿಸಲು ಅಲ್ಲಿ ಬೇರೆ ಯಾರಿದ್ದರು?

ಮುಂದಿನ ಸಲ ಅವರಿಬ್ಬರೂ ನಿಧಾನ ನಡೆದು ಬರುವಾಗ ಬಾಗಿಲಿನ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತೆ. ಆ ಕೈಯಲ್ಲಿ ಬಳೆಯಿರಲಿಲ್ಲ.

“ಹೆಸರ ಹೇಳವಾ. ಆಮ್ಯಾಲೆ ಒಳಗ ಬಿಡತೇನಿ.”

ಅವರು ನನ್ನ ಕೈ ನೋಡಿದರು, ಮುಖ ನೋಡಿದರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. “ಹಿತ್ತಲ ಮಲ್ಲಿಗಿ…” ಎಂದು ಶುರುವಾಯಿತು. ನಡುವೆ ಮಾತು ಕಲಸಿಹೋಗಿ ಬರೀ ಧಾಟಿ ಉಳಿಯಿತು. ಕೊನೆಗೆ ಬಂದದ್ದು ಗಂಡನ ಹೆಸರು. ಅದು ಮಾತ್ರ ಸ್ವಚ್ಛವಾಗಿತ್ತು.

ಯಜಮಾನರು ಗೋಡೆಯ ಕಡೆ ತಿರುಗಿ ಕನ್ನಡಕ ತೆಗೆದು ಒರೆಸಿದರು. “ಇಷ್ಟ ವರ್ಷ ಮನ್ಯಾಗ ‘ಏನ್ರೀ’ ಅಂದು, ದವಾಖಾನ್ಯಾಗ ನಾಕ ಮಂದಿ ಮುಂದ ಹೆಸರ ತಗೊಂಡಿ ಏನ?” ಎಂದರು. ಆಮೇಲೆ ನನ್ನತ್ತ ನೋಡಿ, “ಇನ್ನರೆ ಒಳಗ ಬಿಡ್ರಿ ಅಕ್ಕಾರ, ಆಕಿ ಕಾಲು ನೋಯತಾವ” ಎಂದರು. ನಾನು ಕೈ ತೆಗೆಯುವುದನ್ನೇ ಮರೆತಿದ್ದೆ.

ಇದರಿಂದ ಮಾತು ಪೂರಾ ಬಂದಂತಲ್ಲ, ಶುರು ಮಾಡಲು ಒಂದು ಜಾಗ ಸಿಕ್ಕಿತಷ್ಟೇ ಎಂದು ನಿಮ್ಮಕ್ಕ ಅವರಿಗೆ ತಿಳಿಸಿ ಹೇಳಿದಳು. ತನ್ನ ಒಡಕು ಕನ್ನಡದಲ್ಲೇ ಹೇಳಿದಳು. ಯಜಮಾನರು ತಲೆ ಅಲ್ಲಾಡಿಸುತ್ತಿದ್ದರು. ಅವರು ತಿಳಿಯಬೇಕಿದ್ದದ್ದು ಅವರಿಗೆ ಆಗಲೇ ತಿಳಿದಿತ್ತು.

ಮನೆಗೆ ಮರಳುವಾಗ ಠಾಣೆ ಊರಿಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಕ್ಕಿತು. ತುರ್ಭೆ ದಾಟಿದ ಮೇಲೆ ನಿಮ್ಮಕ್ಕ ತನ್ನ ಕಾಲನ್ನು ನನ್ನ ಎದುರಿಗೆ ಅಡ್ಡ ಚಾಚಿ, “ಆಜಿ, ಆತಾ ತುಝಾ, ಈಗ ನಿನ್ನ ಒಡಪು. ಇಲ್ಲಾಂದ್ರ ಠಾಣೇದಾಗ ಇಳಿಯಾಕ ಬಿಡೂದಿಲ್ಲ” ಎಂದಳು.

ಸುತ್ತ ನೋಡಿದೆ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿದ್ದರು. ಅವಳ ಕಿವಿಯ ಹತ್ತಿರ ಬಾಗಿ, ಮದುವೆಯ ದಿನ ಹೇಳಿದ್ದ ಒಡಪನ್ನು ನಿಮ್ಮ ಅಜ್ಜನ ಹೆಸರಿನ ಸಮೇತ ಹೇಳಿದೆ. ಅವರು ಹೋದ ಮೇಲೆ ನನ್ನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ನಾನು ತರಕಾರಿ ತಗೊಂಡು ಬರುವಾಗ ಬಾಗಿಲಿಗೆ ಅಡ್ಡ ನಿಲ್ಲಿ.