ಬೀಗರನ್ನು ಕೇಳದೆ ಹಾಕಿಸಿದ ಸೂಜಿ

ನಾರಾಯಣಪುರದ ಬಕ್ಕಪ್ಪನ ಮಗಳು ಶಕುಂತಲಾಬಾಯಿ ಎರಡನೆಯ ಬಾಣಂತನಕ್ಕೆ ತವರಿಗೆ ಬಂದದ್ದು ೧೯೭೯ರಲ್ಲಿ. ಮೊದಲನೆಯ ಗಂಡುಮಗುವನ್ನು ನಾಯಿಕೆಮ್ಮು ಒಯ್ದಿತ್ತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿ, ಆ ಕೂಸು ಅವಳ ಕೈಯಲ್ಲೇ ಉಸಿರು ಬಿಟ್ಟಿತ್ತು. ಈ ಸಲ ಹೆಣ್ಣುಕೂಸು ಹುಟ್ಟಿ ಎರಡು ತಿಂಗಳಾಗಿತ್ತು. ಹೀಗಾಗಿ ನರ್ಸ್ ಅಂಬುಬಾಯಿ ಮನೆಗೆ ಬಂದು, ಆ ಕೆಮ್ಮು ಬಾರದಂತೆ ಸೂಜಿ ಇದೆ, ತಿಂಗಳಿಗೊಂದರಂತೆ ಮೂರು ಹಾಕಿಸಬೇಕು ಎಂದಾಗ, ಶಕುಂತಲಾಬಾಯಿ ಕೂಸಿನ ತೊಡೆಯನ್ನು ಅಲ್ಲೇ ಬಿಚ್ಚಿ ಹಿಡಿದಳು.

ಬಕ್ಕಪ್ಪ ಅಡ್ಡ ಬಂದ. "ತಡಿ ಅವ್ವಾ. ಕೂಸು ಬೀಗರ್ದು. ಅವ್ರಿಗಿ ಕೇಳ್ದೆ ಹ್ಯಾಂಗ ಹಾಕಸೂದು? ನಾಳಿ ಹೆಚ್ಚುಕಮ್ಮಿ ಆದ್ರ ನಾ ಹ್ಯಾಂಗ ಮಾರಿ ತೋರಸ್ಲಿ?"

ಕೇಳಲು ತಾನೇ ಹುಮನಾಬಾದಿಗೆ ಹೋದ. ಬೀಗ ಮಹಾರುದ್ರಪ್ಪ ಬಲು ದೊಡ್ಡ ಮನುಷ್ಯ, ಹೋಳಿಗೆ ಉಣ್ಣಿಸಿ, ಟವೆಲ್ ಹೊದಿಸಿ, "ಕೂಸು ನಿಮ್ಮ ಮನ್ಯಾಗ ಅದ. ನಾವು ಹ್ಯಾಂಗ ಹೇಳೂದ್ರಿ? ನಿಮ್ಮ ಮನಸ್ಸು," ಎಂದು ಕಳಿಸಿದ. ಮರ್ಯಾದೆಗೆ ಎರಡೂ ಮನೆಯಲ್ಲಿ ಕೊರತೆಯಿರಲಿಲ್ಲ. ಅದರ ನಡುವೆ ತಾಯಿ-ಮಗಳು ಸಿಕ್ಕಿಬಿದ್ದಿದ್ದರು. ಗಂಡನನ್ನು ಕೇಳೋಣವೆಂದರೆ, ಅವನು ಅಪ್ಪನ ಮುಂದೆ ಬಾಯಿ ತೆರೆದವನಲ್ಲ.

ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಒಂದು ಮಗು ಕೆಮ್ಮತೊಡಗಿತು. ಶಕುಂತಲಾಬಾಯಿಗೆ ಆ ಸದ್ದು ಗೊತ್ತು. ಬಕ್ಕಪ್ಪ ಹೊಲಕ್ಕೆ ಹೋದದ್ದೇ ತಡ, ಬಾಣಂತಿ ಹೊಸ್ತಿಲು ದಾಟಬಾರದೆಂಬುದನ್ನೂ ಬದಿಗಿಟ್ಟು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಬುಬಾಯಿಯ ಬಳಿ ಹೋಗಿ ಮೊದಲ ಸೂಜಿ ಹಾಕಿಸಿದಳು.

ಸಂಜೆ ಕೂಸಿಗೆ ಜ್ವರ ಬಂತು. ಬರುತ್ತದೆ, ಹೆದರಬೇಡ ಎಂದು ಅಂಬುಬಾಯಿ ಹೇಳಿಯೇ ಇದ್ದಳು. ಆದರೆ ಯಾರು ಕೇಳಬೇಕು? ಹೂಂ ಎನ್ನಲು ಬಾರದವರಿಗೆಲ್ಲ ಈಗ ಬಾಯಿ ಬಂತು. ಬಕ್ಕಪ್ಪ ಹಣೆ ಬಡಿದುಕೊಂಡು ಹುಮನಾಬಾದಿಗೆ ಸುದ್ದಿ ಕಳಿಸಿದ. ಮಹಾರುದ್ರಪ್ಪ ಬರುವ ಹೊತ್ತಿಗೆ ಜ್ವರ ಇಳಿದು ಕೂಸು ನಗುತ್ತಿತ್ತು. ಅವನು ನಗಲಿಲ್ಲ.

"ಸಾಕ್ರಿ ಬೀಗರ. ಕೂಸು ಇನ್ನ ನಮ್ಮ ಮನ್ಯಾಗ ಇರ್ಲಿ," ಎಂದ. ಬಕ್ಕಪ್ಪ ತಲೆಯಾಡಿಸಿದ.

ಬಸ್ಸಿನಲ್ಲಿ ಶಕುಂತಲಾಬಾಯಿ ಮೊದಲ ಸಲ ಮಾವನಿಗೆ ಎದುರು ಮಾತಾಡಿದಳು. "ಇನ್ನ ಎರಡು ಸೂಜಿ ಅದಾವ್ರಿ ಮಾವರೆ. ನಾ ಹಾಕಸ್ತೀನ್ರಿ."

ಮಹಾರುದ್ರಪ್ಪ ಕೈ ಚಾಚಿ ಕೂಸನ್ನು ತನ್ನ ತೊಡೆಗೆ ಎತ್ತಿಕೊಂಡ. ರಾಜೇಶ್ವರ ದಾಟಿದ ಮೇಲೆ ಅದು ಹಾಲಿಗೆ ಅಳತೊಡಗಿತು. ಇತ್ತ ಅವಳ ಕುಪ್ಪಸ ಒದ್ದೆಯಾಯಿತು. ಹುಮನಾಬಾದ ಬರುವವರೆಗೂ ಅವನು ಕೂಸನ್ನು ಕೊಡಲಿಲ್ಲ.