ಬೀಗ ಹಾಕಿದ ಮನೆಯ ಅಂದಾಜು

ಕರೆಂಟಿನ ಮೀಟರ್ ಓದುತ್ತ ಇಪ್ಪತ್ತಾರು ವರ್ಷ ಚಪ್ಪಲಿ ಸವೆಸಿದವನನ್ನು ಬಡಾವಣೆಯವರೆಲ್ಲ ‘ಮೀಟರ್ ಮಾವ’ ಎನ್ನುತ್ತಿದ್ದರು. ಮೊಬೈಲಿಗೆ ಬಂದದ್ದನ್ನು ಬಿಸಿ ಆರುವ ಮೊದಲೇ ನಾಲ್ಕು ಗುಂಪಿಗೆ ದಾಟಿಸುವ ನಮ್ಮಂಥವರ ನಡುವೆ ಮಾವ ಬೇರೆಯೇ ತಳಿ. ಹೇಗೂ ಮನೆಮನೆ ಹತ್ತಿಳಿಯುವ ಕೆಲಸ. ಎಂಥ ಸುದ್ದಿಯಾದರೂ ಎರಡೂ ಕಡೆಯವರನ್ನು ಕೇಳಿಯೇ ಕಳಿಸುತ್ತಿದ್ದ. ಕೆಳಗೆ ‘ವಿಚಾರಿಸಿದ್ದೇನೆ’ ಎಂದಿದ್ದರೆ ಸಾಕು, ನಾವು ಕಣ್ಣು ಮುಚ್ಚಿ ನಂಬುತ್ತಿದ್ದೆವು.

ಒಂದು ಮಧ್ಯಾಹ್ನ ಒಂಬತ್ತು ಸೆಕೆಂಡಿನ ವಿಡಿಯೊ ಬಂತು. ಶಾಲಾ ವ್ಯಾನಿನ ಡ್ರೈವರ್, ಮುಖ ಕಾಣದ ಹುಡುಗಿಯೊಬ್ಬಳನ್ನು ರಟ್ಟೆ ಹಿಡಿದು ಹೊರಗೆಳೆಯುತ್ತಿದ್ದಾನೆ, ಮಗು ಚೀರುತ್ತಿದೆ. ಅದನ್ನು ಮಹಡಿಯಿಂದ ತೆಗೆದ ಟೈಲರನ್ನು ಮಾವ ಕೇಳಿದ.

“ಕಣ್ಣಾರೆ ಕಂಡಿದೀನಿ ಮಾವ, ಮೂಟೆ ಎಳೆದ ಹಾಗೆ ಎಳೆದ!”

ಡ್ರೈವರನ ಮನೆಗೆ ಹೋದರೆ ಬೀಗ. ಬೀಗ ಹಾಕಿದ ಮನೆಗೆ ಮೀಟರಿನವರು ಹಿಂದಿನ ಮೂರು ತಿಂಗಳ ಸರಾಸರಿ ಬರೆದು ಮುಂದಕ್ಕೆ ಹೋಗುತ್ತಾರೆ. ಮಾವನ ಕೈಯೂ ಆ ರೂಢಿಗೆ ಬಿದ್ದದ್ದೇ. ಮೂರು ತಿಂಗಳಿಂದ ಈ ಮನುಷ್ಯ ಒಮ್ಮೆಯೂ ನಕ್ಕದ್ದು ಕಾಣೆ ಎಂದು ಸರಾಸರಿ ತೆಗೆದು, ‘ಎರಡೂ ಕಡೆ ವಿಚಾರಿಸಿದ್ದೇನೆ’ ಎಂದು ಬರೆದು ವಿಡಿಯೊ ಕಳಿಸಿಯೇಬಿಟ್ಟ.

ಮರುದಿನ ವ್ಯಾನಿಗೆ ಒಂದು ಮಗುವೂ ಹತ್ತಲಿಲ್ಲ.

ಸಂಜೆ ಡ್ರೈವರ್ ಮಾವನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. “ಆ ಹುಡುಗಿ ನನ್ನ ಮಗಳು. ಉಳಿದ ಮಕ್ಕಳನ್ನ ಇಳಿಸಿ ಮನೆ ಕಡೆ ಬರ್ತಿದ್ವಿ, ವ್ಯಾನೊಳಗೆ ಕಣಜದ ಹುಳ ನುಗ್ಗಿತು. ಹೊರಗೆಳೆಯೋದ್ರೊಳಗೆ ಕಚ್ಚಿ ಅವಳ ಮುಖವೆಲ್ಲ ಊದಿ, ಮನೆಯವರೆಲ್ಲ ಆಸ್ಪತ್ರೇಲಿದ್ವಿ. ನನ್ನನ್ನ ಯಾವಾಗ ವಿಚಾರಿಸಿದ್ರಿ ಮಾವ?”

ಒಳಗಿನಿಂದ ಮಾವನ ಹೆಂಡತಿಯ ದನಿ: “ಸಾರಿಗೆ ಉಪ್ಪು ಜಾಸ್ತಿ ಅನ್ನೋಕೂ ಎರಡು ಸಲ ರುಚಿ ನೋಡ್ತೀರಿ. ಇದಕ್ಕೆ ಏನು ಬಂದಿತ್ತು ರೋಗ?”

ಅಂದೇ ಮಾವ ತಪ್ಪಾಯಿತೆಂದು ಬರೆದು ಕಳಿಸಿದ. ನಾವು ಓದಿ, ‘ಪಾಪ, ಡ್ರೈವರ್ ಹೆದರಿಸಿ ಬರೆಸಿದಾನೆ’ ಎಂದುಕೊಂಡೆವು. ಮನೆಮನೆಗೆ ಹೋಗಿ ಹೇಳಿದರೂ ಅದೇ ಪಾಡು.

“ವಿಚಾರಿಸಿದೀನಿ ಅಂದವರು ನೀವೇ ಅಲ್ವಾ? ಸುಳ್ಳು ಹೇಳಿದ್ದು ಆಗಲೋ, ಈಗಲೋ?” ಎಂದಳು ಒಬ್ಬ ತಾಯಿ.

“ಆಗ,” ಎಂದ ಮಾವ, ತಲೆ ಎತ್ತದೆ.

“ಅವನ ಮೇಲೆ ಅಷ್ಟು ನಂಬಿಕೆ ಇದ್ರೆ ನೀವೇ ದಿನಾ ವ್ಯಾನಲ್ಲಿ ಕೂತ್ಕೊಂಡು ಹೋಗಿ. ಹಾಗಾದ್ರೆ ಕಳಿಸ್ತೀನಿ.”

ಈ ಮಾತು ಮಾತ್ರ ಯಾರೂ ವಿಚಾರಿಸದೆ ಅರ್ಧ ಗಂಟೆಯಲ್ಲಿ ಎಲ್ಲ ತಾಯಂದಿರ ಮೊಬೈಲಿಗೂ ಮುಟ್ಟಿತು, ಎಲ್ಲರಿಗೂ ಹಿಡಿಸಿತು.

ಈಗ ದಿನಾ ಬೆಳಗ್ಗೆ ಏಳೂವರೆಗೆ ಮಾವ ಹಿಂದಿನ ಸೀಟಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು, ಎದೆಯ ಮೇಲೆ ಐದು ಚೀಲ ಹೇರಿಕೊಂಡು ಕೂತಿರುತ್ತಾನೆ.

“ಇನ್ನೆಷ್ಟು ದಿನ ಮಾರಾಯ?” ಎಂದು ಮೊನ್ನೆ ಕೇಳಿದ.

ಡ್ರೈವರ್ ಇಳಿದು ಹಿಂದೆ ಬಂದು, ಒಳಗಿನಿಂದ ತೆರೆಯಲಾಗದ ವ್ಯಾನಿನ ಹಿಂಬಾಗಿಲು ಭದ್ರವಾಗಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿದ.